ಏಳು ಕಣ್ಣಿನ ಹಾಳೆ, ಉಲ್ಲನ್ ದಾರ: ಕ್ರಿಸ್‌ಮಸ್ ಮರದ ಅಲಂಕಾರಕ್ಕೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ನಕ್ಷತ್ರ, ಗಂಟೆ, ಹಿಮದ ಹೂವು, ದೇವದೂತ ಮೊದಲಾದ ಅಲಂಕಾರಗಳನ್ನು ಪ್ಲಾಸ್ಟಿಕ್ ಕ್ಯಾನ್ವಾಸಿನ ಮೇಲೆ ಉಲ್ಲನ್ ದಾರದಿಂದ ಹೊಲಿದು ಮನೆಯಲ್ಲೇ ಮಾಡಿಕೊಳ್ಳುವ ರೂಢಿ ಅಮೆರಿಕದಲ್ಲಿ ಇಂದಿಗೂ ಉಳಿದುಬಂದಿದೆ. ಓಹಾಯೊ ರಾಜ್ಯದಲ್ಲಿ ನೆಲೆಸಿರುವ ನಾನು ಇಲ್ಲಿನ ಚರ್ಚಿನ ಹಿರಿಯ ಹೆಂಗಸರಿಂದ ಈ ಕೆಲಸವನ್ನು ಕಲಿತು, ವರ್ಷವರ್ಷವೂ ಅದಕ್ಕೆ ಬೇಕಾದ ಹಾಳೆ, ದಾರ, ಸೂಜಿ, ಜರಿದಾರಗಳನ್ನು ಕೊಳ್ಳುತ್ತ ಬಂದಿದ್ದೇನೆ. ಊರಿನಲ್ಲಿರುವ ಗೆಳತಿಯರು, ಅದರಲ್ಲೂ ಮಂಗಳೂರಿನ ಕಡೆಯವರು, ಇವುಗಳಲ್ಲಿ ಯಾವುದನ್ನು ತರಿಸಿಕೊಳ್ಳಬೇಕು, ಯಾವುದಕ್ಕೆ ಹಣ ಹಾಕುವುದು ವ್ಯರ್ಥ ಎಂದು ಕೇಳುತ್ತಿರುವುದರಿಂದ ಈ ಸಾಮಗ್ರಿಗಳ ಗುಣದೋಷಗಳನ್ನು ವಿವರವಾಗಿ ಬರೆಯುವುದು ಒಳ್ಳೆಯದೆನಿಸಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಚಿಗೆ 7 ಕಣ್ಣುಗಳಿರುವ (ಕಣ್ಣು ಎಂದರೆ ದಾರ ಹಾಯುವ ರಂಧ್ರ) ಗಟ್ಟಿ ಹಾಳೆ, ಅದಕ್ಕೆ ಹೊಂದುವ ದಪ್ಪದ ಸಾದಾ ಅಕ್ರಿಲಿಕ್ ಉಲ್ಲನ್ ಮತ್ತು ಒಂದು ಒಳ್ಳೆಯ ಮೊಂಡು ಸೂಜಿ, ಈ ಮೂರನ್ನು ಬಿಡಿಯಾಗಿ ಕೊಂಡವರು ಕಿಟ್ ಕೊಂಡವರಿಗಿಂತ ಕಡಿಮೆ ಖರ್ಚಿನಲ್ಲಿ ಉತ್ತಮವಾದ ಅಲಂಕಾರಗಳನ್ನು ಮಾಡಬಲ್ಲರು.

ಪ್ಲಾಸ್ಟಿಕ್ ಕ್ಯಾನ್ವಾಸ್ ಎಂದರೆ ಅಡ್ಡ ಮತ್ತು ಉದ್ದ ಕಡ್ಡಿಗಳು ಚೌಕ ಚೌಕವಾಗಿ ಕೂಡಿಕೊಂಡಿರುವ, ಅಚ್ಚಿನಲ್ಲಿ ಎರಕ ಹೊಯ್ದ ತೆಳುವಾದ ಪ್ಲಾಸ್ಟಿಕ್ ಜಾಲರಿ. ಹತ್ತಿಯ ಕ್ಯಾನ್ವಾಸಿನ ಮೇಲೆ ಮಾಡುವ ಓರೆ ಹೊಲಿಗೆಯನ್ನೇ ಇದರ ಮೇಲೂ ಮಾಡುತ್ತಾರೆ. ಆದರೆ ಬಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಬೇಕು. ಓರೆ ಹೊಲಿಗೆಯ ಎಳೆತಕ್ಕೆ ಅದು ಒಂದು ಬದಿಗೆ ವಾಲುತ್ತದೆ. ಕತ್ತರಿಸಿದ ಅಂಚಿನಿಂದ ಎಳೆಗಳು ಬಿಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆಗೆ ಈ ಮೂರೂ ತೊಂದರೆಗಳಿಲ್ಲ. ಕತ್ತರಿಸಿದ ಆಕಾರ ಹಾಗೆಯೇ ನಿಲ್ಲುತ್ತದೆ, ಆದ್ದರಿಂದ ಒಳಗೆ ರಟ್ಟನ್ನಾಗಲಿ ತಂತಿಯನ್ನಾಗಲಿ ಇಡದೆ ನಕ್ಷತ್ರವೊಂದನ್ನು ನೇರವಾಗಿ ಮರಕ್ಕೆ ತೂಗುಹಾಕಬಹುದು. 1970 ಮತ್ತು 80ರ ದಶಕಗಳಲ್ಲಿ ಅಮೆರಿಕದ ಮನೆಗಳಲ್ಲಿ ಟಿಶ್ಯೂ ಪೆಟ್ಟಿಗೆಯ ಹೊದಿಕೆ, ಲೋಟದಡಿಯ ಬಿಲ್ಲೆ, ಕ್ರಿಸ್‌ಮಸ್ ಅಲಂಕಾರ ಎಲ್ಲವೂ ಈ ಜಾಲರಿಯಿಂದಲೇ ಆಗುತ್ತಿದ್ದವು. ಆ ಕಾಲದಲ್ಲಿ ಹೊಲಿದ ಅನೇಕ ಅಲಂಕಾರಗಳು ಇಂದಿಗೂ ಚರ್ಚಿನ ಹಳೆಯ ವಸ್ತುಗಳ ಮಾರಾಟದಲ್ಲಿ ಬಣ್ಣ ಮಾಸದೆ, ಆಕಾರ ಕೆಡದೆ ಸಿಗುತ್ತವೆ. ಈ ಸಾಮಗ್ರಿಯ ಬಾಳಿಕೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಳೆಯನ್ನು ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಒಂದು ಇಂಚಿನಲ್ಲಿ ಎಷ್ಟು ಕಣ್ಣುಗಳಿವೆ ಎಂಬುದನ್ನು. ಮಾರುಕಟ್ಟೆಯಲ್ಲಿ 5, 7, 10 ಮತ್ತು 14 ಕಣ್ಣಿನ ಹಾಳೆಗಳು ಸಿಗುತ್ತವೆ. ಅಂಕಿ ಹೆಚ್ಚಿದಷ್ಟೂ ಕಣ್ಣು ಸಣ್ಣದಾಗಿ ಚಿತ್ರ ನಯವಾಗುತ್ತದೆ, ಆದರೆ ಶ್ರಮ ಅದಕ್ಕಿಂತ ವೇಗವಾಗಿ ಏರುತ್ತದೆ. 3 ಇಂಚಿನ ಒಂದು ಚೌಕವನ್ನು 7 ಕಣ್ಣಿನ ಹಾಳೆಯಿಂದ ಕತ್ತರಿಸಿದರೆ ಪ್ರತಿ ಬದಿಗೆ 21 ಕಣ್ಣುಗಳು ಬರುತ್ತವೆ. ಅಂಚಿನ ಕಡ್ಡಿಗಳನ್ನು ಬಿಟ್ಟು, ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಕೂಡುಗಳನ್ನು ಕೂಡಿಗೊಂದು ಹೊಲಿಗೆಯಂತೆ ಲೆಕ್ಕ ಹಾಕಿದರೆ ಇಪ್ಪತ್ತು ಸಾಲುಗಳಲ್ಲಿ ಒಟ್ಟು 400 ಹೊಲಿಗೆಗಳಾಗುತ್ತವೆ. ಅದೇ ಚೌಕಕ್ಕೆ 14 ಕಣ್ಣಿನ ಹಾಳೆಯಲ್ಲಿ 1,681 ಹೊಲಿಗೆಗಳು ಬೇಕು, ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. 14 ಕಣ್ಣಿನ ಹಾಳೆಗೆ ಉಲ್ಲನ್ ದಾರ ಹಿಡಿಸುವುದೂ ಇಲ್ಲ. ಅದಕ್ಕೆ ಕ್ರಾಸ್ ಸ್ಟಿಚ್ಚಿಗೆ ಬಳಸುವ ಆರೆಳೆಯ ಹತ್ತಿ ದಾರವೇ ಆಗಬೇಕು. 10 ಕಣ್ಣಿನ ಹಾಳೆ ಮಧ್ಯಮ ಮಾರ್ಗ. ದೇವದೂತನ ಮುಖ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಪುಟ್ಟ ಗೊಂಬೆಗಳು ಇಂಥ ಸೂಕ್ಷ್ಮ ಕೆಲಸಕ್ಕೆ ಅದು ಒಪ್ಪುತ್ತದೆ, ಆದರೆ ಅದಕ್ಕೆ ತೆಳುವಾದ ಉಲ್ಲನ್ ಬೇಕಾಗುತ್ತದೆ. 5 ಕಣ್ಣಿನ ಹಾಳೆ ನೆಲಹಾಸಿಗೆ ಸರಿಯೇ ಹೊರತು ಮರದ ಅಲಂಕಾರಕ್ಕಲ್ಲ. 3 ಇಂಚಿನೊಳಗೆ ಅದರಲ್ಲಿ ನಕ್ಷತ್ರದ ಮೊನೆ ಕೂಡ ಸ್ಪಷ್ಟವಾಗಿ ಮೂಡುವುದಿಲ್ಲ. ಹೊಸಬರಿಗೂ ಪಳಗಿದವರಿಗೂ ನಾನು ಹೇಳುವುದು 7 ಕಣ್ಣಿನ ಹಾಳೆಯನ್ನೇ.

ಈ ಹಾಳೆಯ ವಾಡಿಕೆಯ ಅಳತೆ ಸುಮಾರು ಹತ್ತೂವರೆ ಇಂಚು ಅಗಲ, ಹದಿಮೂರೂವರೆ ಇಂಚು ಉದ್ದ. ಕಣ್ಣುಗಳ ಲೆಕ್ಕದಲ್ಲಿ 70 ಅಡ್ಡ, 90 ಉದ್ದ. ತುಂಡು ಮಾಡುವಾಗ ಎರಡು ತುಂಡುಗಳ ನಡುವೆ ಒಂದು ಸಾಲು ಕಣ್ಣುಗಳು ಕತ್ತರಿಯ ಪಾಲಾಗುತ್ತವೆ. ಅದನ್ನು ಕಳೆದರೂ 21 ಕಣ್ಣಿನ ಚೌಕಗಳು ಅಗಲಕ್ಕೆ ಮೂರು, ಉದ್ದಕ್ಕೆ ನಾಲ್ಕು, ಒಟ್ಟು 12 ಬರುತ್ತವೆ. ಮುಂದೆ ಹಿಂದೆ ಎರಡೂ ಕಡೆ ಹೊಲಿದು ಜೋಡಿಸುವವರಿಗೆ ಒಂದು ಹಾಳೆಯಿಂದ ಆರು ಅಲಂಕಾರಗಳು. ಅಮೆರಿಕದಲ್ಲಿ ಒಂದು ಹಾಳೆ ಒಂದೆರಡು ಡಾಲರಿನೊಳಗೆ ಸಿಗುವುದರಿಂದ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ವಸ್ತು ಇದೇ. ಹಾಗಿದ್ದೂ ಫಲಿತಾಂಶ ಇದರ ಗುಣದ ಮೇಲೆಯೇ ನಿಂತಿರುವುದರಿಂದ ಇಲ್ಲಿ ಜಿಪುಣತನ ಸಲ್ಲದು.

ಗುಣವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಹಾಳೆಯನ್ನು ಬೆಳಕಿಗೆ ಹಿಡಿದರೆ ಎಲ್ಲ ಕಣ್ಣುಗಳೂ ಒಂದೇ ಅಳತೆಯವಾಗಿ, ಒಳಗೆ ಪ್ಲಾಸ್ಟಿಕ್ಕಿನ ಪೊರೆ ಉಳಿಯದೆ ತೆರೆದಿರಬೇಕು. ಪೊರೆಯಿರುವ ಕಡೆ ಸೂಜಿ ತಡೆದು ನಿಲ್ಲುತ್ತದೆ, ದಾರದ ಜುಂಗು ಎದ್ದುಬರುತ್ತದೆ. ಎರಡು ಕೈಗಳಲ್ಲಿ ಹಿಡಿದು ಮೆಲ್ಲಗೆ ಬಾಗಿಸಿದರೆ ಮತ್ತೆ ಚಪ್ಪಟೆಯಾಗಿ ಮರಳಬೇಕು. ಬಾಗಿದ ಜಾಗದಲ್ಲಿ ಬಿಳಿ ಗೆರೆ ಮೂಡಿದರೆ ಆ ಪ್ಲಾಸ್ಟಿಕ್ ಪೆಡಸಾದುದು, ಮೂಲೆಗಳನ್ನು ಕತ್ತರಿಸುವಾಗ ಸೀಳುತ್ತದೆ. ಮೃದು ಹಾಳೆ ಎಂಬ ಇನ್ನೊಂದು ಬಗೆ ಇದೆ. ಅದು ಬುಟ್ಟಿ, ಗಂಟೆ, ಸುರುಳಿ ಇಂಥ ಬಳಸಿ ತಿರುಗುವ ಆಕಾರಗಳಿಗೆ ಒಳ್ಳೆಯದು. ಚಪ್ಪಟೆ ಅಲಂಕಾರಕ್ಕೆ ಬಳಸಿದರೆ ಕೆಲವು ವರ್ಷಗಳಲ್ಲಿ ಅದರ ತುದಿಗಳು ಮುದುಡುತ್ತವೆ. ಬಣ್ಣದ ವಿಚಾರದಲ್ಲಿ ಪಾರದರ್ಶಕ ಹಾಳೆಯೇ ಹೆಚ್ಚು ಉಪಯುಕ್ತ, ಏಕೆಂದರೆ ಹಿಮದ ಹೂವಿನಂಥ ವಿನ್ಯಾಸದಲ್ಲಿ ಕೆಲವು ಕಣ್ಣುಗಳನ್ನು ಹೊಲಿಯದೆ ಖಾಲಿ ಬಿಡಬೇಕಾಗುತ್ತದೆ ಮತ್ತು ಆ ಖಾಲಿ ಜಾಗ ಮರದ ದೀಪಗಳ ಬೆಳಕಿನಲ್ಲಿ ಕಾಣದಂತಾಗುತ್ತದೆ. ಕಡುಗೆಂಪು ಅಥವಾ ಕಡುಹಸಿರು ದಾರದಿಂದ ಪೂರ್ತಿ ತುಂಬುವ ಕೆಲಸಕ್ಕೆ ಮಾತ್ರ ಅದೇ ಬಣ್ಣದ ಹಾಳೆ ಹುಡುಕುವುದು ಸಾರ್ಥಕ. ದಾರದ ಸಂದಿಯಲ್ಲಿ ಬಿಳಿ ಕಡ್ಡಿ ಇಣುಕುವ ಭಯ ಆಗ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ಬೇರೆ ಬೇರೆ ತಯಾರಕರ 7 ಕಣ್ಣಿನ ಹಾಳೆಗಳು ಹೆಸರಿಗೆ ಒಂದೇ ಆದರೂ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಬಿಡಿ ನಕ್ಷತ್ರಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ಎರಡು ತುಂಡುಗಳ ಅಂಚನ್ನು ಕೂಡಿಸಿ ಹೊಲಿಯುವಾಗ ಕಣ್ಣಿಗೆ ಕಣ್ಣು ಕೂಡದೆ ಒಂದು ತುಂಡು ಉಬ್ಬಿಕೊಳ್ಳುತ್ತದೆ. ಮನೆ, ಪೆಟ್ಟಿಗೆ, ಗೋದಲಿ ಮುಂತಾದ ಜೋಡಣೆಯ ಕೆಲಸಕ್ಕೆ ಬೇಕಾಗುವ ಅಷ್ಟೂ ಹಾಳೆಗಳನ್ನು ಒಂದೇ ತಯಾರಕರಿಂದ ಒಂದೇ ಸಲ ಕೊಳ್ಳುವುದು ಕ್ಷೇಮ. ಕತ್ತರಿಸುವುದು ಸುಲಭ: ಕಡ್ಡಿಯನ್ನು ಬಿಟ್ಟು ಕಣ್ಣುಗಳ ಸಾಲಿನ ನಡುವೆ ಕತ್ತರಿ ನಡೆಸಿ, ಆಮೇಲೆ ಅಂಚಿನಲ್ಲಿ ಉಳಿದ ಮೊಳೆಯಂಥ ತುಣುಕುಗಳನ್ನು ಉಗುರು ಕತ್ತರಿಸುವ ಸಾಧನದಿಂದ ಸಮ ಮಾಡಬೇಕು. ಈ ತುಣುಕುಗಳು ಉಳಿದರೆ ದಾರಕ್ಕೆ ಸಿಕ್ಕಿಕೊಂಡು ಅಂಚನ್ನು ಒರಟಾಗಿಸುತ್ತವೆ. ಬಟ್ಟೆಯ ಕತ್ತರಿಯನ್ನು ಇದಕ್ಕೆ ಬಳಸಬಾರದು, ಪ್ಲಾಸ್ಟಿಕ್ ಅದರ ಅಲಗನ್ನು ಬೇಗ ಮೊಂಡಾಗಿಸುತ್ತದೆ.

ದಾರದ ವಿಷಯಕ್ಕೆ ಬಂದರೆ, ಇಲ್ಲಿ ಮಾರಾಟವಾಗುವ ಬಹುತೇಕ ಉಲ್ಲನ್ ಉಂಡೆಗಳ ಚೀಟಿಯ ಮೇಲೆ 0ಯಿಂದ 7ರವರೆಗಿನ ಒಂದು ದಪ್ಪದ ಅಂಕಿ ಅಚ್ಚಾಗಿರುತ್ತದೆ. 7 ಕಣ್ಣಿನ ಹಾಳೆಗೆ 4ನೆಯ ದಪ್ಪದ ದಾರ ಸರಿಹೊಂದುತ್ತದೆ. ಈ ವರ್ಗದಲ್ಲಿ ರೆಡ್ ಹಾರ್ಟ್ ಸೂಪರ್ ಸೇವರ್ ಎಂಬ ಅಕ್ರಿಲಿಕ್ ಉಲ್ಲನ್ನನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಅದರ ಒಂದೇ ಬಣ್ಣದ ಉಂಡೆ 198 ಗ್ರಾಂ ತೂಗುತ್ತದೆ ಮತ್ತು 364 ಗಜ ಉದ್ದವಿರುತ್ತದೆ. ಸ್ವೆಟರ್ ಹೆಣೆಯುವವರು ಇದನ್ನು ಒರಟು ದಾರವೆಂದು ದೂರುವುದುಂಟು. ಮೈಗೆ ತಾಗುವ ಬಟ್ಟೆಗೆ ಆ ದೂರು ನ್ಯಾಯವಾದುದೇ. ಆದರೆ ಕ್ಯಾನ್ವಾಸಿನ ಮೇಲೆ ಆ ಒರಟುತನವೇ ಗುಣವಾಗುತ್ತದೆ: ದಾರ ಬಿಗಿಯಾಗಿ ಹುರಿಗೊಂಡಿರುವುದರಿಂದ ಪ್ಲಾಸ್ಟಿಕ್ಕಿನ ಚೌಕ ಕಣ್ಣಿನ ಮೂಲಕ ಮತ್ತೆ ಮತ್ತೆ ಹಾದರೂ ಬೇಗ ಜುಂಗೇಳುವುದಿಲ್ಲ ಮತ್ತು ಹೊಲಿಗೆ ದುಂಡಗೆ ಎದ್ದು ಕಾಣುತ್ತದೆ. ಮೆತ್ತನೆಯ ದುಬಾರಿ ಉಲ್ಲನ್‌ಗಳಲ್ಲಿ ಹೊಲಿಗೆ ಚಪ್ಪಟೆಯಾಗಿ ಒಂದರ ಮೇಲೊಂದು ಮಲಗುತ್ತದೆ. ಕುರಿಯ ಉಣ್ಣೆಯ ಅಸಲಿ ದಾರ ನೋಡಲು ಬಹಳ ಚೆಲುವಾದರೂ ವರ್ಷದಲ್ಲಿ ಹನ್ನೊಂದು ತಿಂಗಳು ಪೆಟ್ಟಿಗೆಯೊಳಗೆ ಮಲಗುವ ವಸ್ತುವಿಗೆ ಅದು ತಕ್ಕದ್ದಲ್ಲ, ನುಸಿ ಹುಳು ಅದನ್ನು ತಿನ್ನುತ್ತದೆ. ಅಕ್ರಿಲಿಕ್ಕಿಗೆ ಆ ಭಯವಿಲ್ಲ. ಒಂದೇ ಎಳೆಯಲ್ಲಿ ಹಲವು ಬಣ್ಣ ಬದಲಾಗುವ ದಾರವನ್ನು ಅದರ ಅಂದಕ್ಕೆ ಮರುಳಾಗಿ ಕೊಳ್ಳಬೇಡಿ. 3 ಇಂಚಿನ ಅಂಗಳದಲ್ಲಿ ಆ ಬಣ್ಣಗಳು ಚದುರಿ, ಬರೆದ ಚಿತ್ರವನ್ನೇ ನುಂಗಿಹಾಕುತ್ತವೆ.

ಎಷ್ಟು ದಾರ ಬೇಕೆಂಬ ಪ್ರಶ್ನೆಗೆ ಉಪಯೋಗಕ್ಕೆ ಬರುವ ಒಂದು ಅಂದಾಜಿದೆ. 7 ಕಣ್ಣಿನ ಹಾಳೆಯ ಒಂದು ಚದರ ಇಂಚನ್ನು ಕಾಂಟಿನೆಂಟಲ್ ಎಂಬ ಓರೆ ಹೊಲಿಗೆಯಿಂದ ತುಂಬಲು ಸುಮಾರು ಒಂದು ಗಜ ದಾರ ಖರ್ಚಾಗುತ್ತದೆ. ಆ ಲೆಕ್ಕದಲ್ಲಿ ಎರಡೂ ಕಡೆ ಹೊಲಿದ 3 ಇಂಚಿನ ಚೌಕಕ್ಕೆ 18 ಗಜ, ಅಂಚಿಗೆ ಇನ್ನಷ್ಟು. ಒಂದು ದೊಡ್ಡ ಉಂಡೆಯಲ್ಲಿ ಮರದ ಒಂದು ಭಾಗವೇ ತುಂಬುವಷ್ಟು ಅಲಂಕಾರಗಳಾಗುತ್ತವೆ. ಕೆಂಪು, ಹಸಿರು, ಬಿಳಿ ಬಣ್ಣದ ಮೂರು ಉಂಡೆಗಳಿದ್ದರೆ ಹಲವು ವರ್ಷಗಳ ಕ್ರಿಸ್‌ಮಸ್ಸಿಗೆ ಸಾಕು. ಕಂದು, ಹಳದಿ, ಚರ್ಮದ ಬಣ್ಣ ಇವಕ್ಕೆ ಹೆಣಿಗೆಯಲ್ಲಿ ಉಳಿದ ಚೂರುದಾರವೇ ಒದಗುತ್ತದೆ.

ಸೂಜಿಯ ಬಗ್ಗೆ ಹೇಳುವುದು ಸ್ವಲ್ಪವೇ. 7 ಕಣ್ಣಿನ ಹಾಳೆಗೆ 16ನೆಯ ಸಂಖ್ಯೆಯ ಟ್ಯಾಪೆಸ್ಟ್ರಿ ಸೂಜಿ, 10 ಕಣ್ಣಿನದಕ್ಕೆ 18ನೆಯದು. ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳುವಾಗುತ್ತದೆ ಎಂಬುದನ್ನು ಕೊಳ್ಳುವಾಗ ನೆನಪಿಡಬೇಕು. ತುದಿ ಮೊಂಡಾಗಿರಬೇಕು, ಕಣ್ಣು ಉದ್ದವಾಗಿರಬೇಕು. ಮಕ್ಕಳಿಗೆಂದು ಮಾರುವ ಪ್ಲಾಸ್ಟಿಕ್ ಸೂಜಿ ಅಂಚಿನ ಹೊಲಿಗೆಯಲ್ಲಿ, ಅದೇ ಕಣ್ಣಿನಲ್ಲಿ ಮೂರನೆಯ ಸಲ ಹಾಯುವಾಗ, ಬಾಗಿ ನಿಲ್ಲುತ್ತದೆ. ಲೋಹದ ಮೊಂಡು ಸೂಜಿಯನ್ನೇ ಮಕ್ಕಳ ಕೈಗೂ ಧೈರ್ಯವಾಗಿ ಕೊಡಬಹುದು.

ಈ ಸಾಮಗ್ರಿಗಳ ನಿಜವಾದ ಬೆಲೆ ತಿಳಿಯುವುದು ಹೊಲಿಗೆಯಲ್ಲಿ. ಆದ್ದರಿಂದ ಅದರ ಬಗ್ಗೆ ತುಸು ವಿಸ್ತಾರವಾಗಿ ಬರೆಯುವುದು ಅಗತ್ಯ. ಮೇಲ್ನೋಟಕ್ಕೆ ಹಾಫ್ ಕ್ರಾಸ್ ಮತ್ತು ಕಾಂಟಿನೆಂಟಲ್ ಎಂಬ ಎರಡು ಹೊಲಿಗೆಗಳು ಒಂದೇ ತರಹ ಕಾಣುತ್ತವೆ. ಎರಡರಲ್ಲೂ ದಾರ ಒಂದು ಕೂಡಿನ ಮೇಲೆ ಓರೆಯಾಗಿ ಹಾಯುತ್ತದೆ. ವ್ಯತ್ಯಾಸವಿರುವುದು ಹಿಂಬದಿಯಲ್ಲಿ. ಹಾಫ್ ಕ್ರಾಸಿನಲ್ಲಿ ಹಿಂದೆ ದಾರ ಗಿಡ್ಡವಾಗಿ ನೇರಕ್ಕೆ ಹೋಗುತ್ತದೆ, ಕಾಂಟಿನೆಂಟಲ್‌ನಲ್ಲಿ ಉದ್ದವಾದ ಓರೆ ಹಾದಿ ಹಿಡಿಯುತ್ತದೆ. ಇದರಿಂದ ದಾರ ಹೆಚ್ಚು ಖರ್ಚಾಗುವುದು ನಿಜವಾದರೂ ಹಿಂದಿನ ತುಂಬು ದಾರ ಮುಂದಿನ ಹೊಲಿಗೆಯನ್ನು ಮೇಲಕ್ಕೆತ್ತಿ ಹಿಡಿಯುತ್ತದೆ, ಪ್ಲಾಸ್ಟಿಕ್ ಕಡ್ಡಿ ಎಲ್ಲಿಯೂ ಕಾಣುವುದಿಲ್ಲ. ಹತ್ತಿಯ ಕ್ಯಾನ್ವಾಸಿನಲ್ಲಿ ಬಟ್ಟೆ ವಾಲುತ್ತದೆಂಬ ಕಾರಣಕ್ಕೆ ಕೆಲವರು ಈ ಹೊಲಿಗೆಯನ್ನು ದೂರವಿಡುತ್ತಾರೆ. ಪ್ಲಾಸ್ಟಿಕ್ ಹಾಳೆ ವಾಲುವುದೇ ಇಲ್ಲವಾದ್ದರಿಂದ ಇಲ್ಲಿ ಅದನ್ನು ನಿಶ್ಚಿಂತೆಯಿಂದ ಬಳಸಬಹುದು. ದೊಡ್ಡ ಹಿನ್ನೆಲೆಗಳಿಗೆ ಸ್ಕಾಚ್ ಹೊಲಿಗೆ ಚೆನ್ನ: ಗಿಡ್ಡದಿಂದ ಉದ್ದಕ್ಕೆ, ಮತ್ತೆ ಗಿಡ್ಡಕ್ಕೆ ಇಳಿಯುವ ಓರೆ ಎಳೆಗಳ ಪುಟ್ಟ ಚೌಕಗಳು ಬೆಳಕನ್ನು ಹಿಡಿಯುತ್ತವೆ. ಎರಡು ಬಣ್ಣಗಳಲ್ಲಿ ಇವನ್ನು ಹೊಲಿದು ನಡುವೆ ಜರಿದಾರದ ಪಟ್ಟಿ ಹಾಕಿದರೆ ಕಾಗದ ಸುತ್ತಿದ ಉಡುಗೊರೆಯ ಪೊಟ್ಟಣದ ಅಲಂಕಾರ ಸಿದ್ಧ. ಹಾಲಿ ಎಂಬ ಗಿಡದ ಎಲೆಗಳ ನಡುವಿನ ಕೆಂಪು ಹಣ್ಣಿಗೆ ಫ್ರೆಂಚ್ ಗಂಟು, ಸಾಂತಾಕ್ಲಾಸನ ಗಡ್ಡಕ್ಕೆ ಕುಣಿಕೆ ಹೊಲಿಗೆ. ಕುಣಿಕೆಗಳನ್ನು ಕತ್ತರಿಸಿ ಬಾಚಿದರೆ ಗಡ್ಡ ಇನ್ನೂ ತುಂಬಿಕೊಳ್ಳುತ್ತದೆ. ದಾರವನ್ನು ಸುಮಾರು 18 ಇಂಚಿನಷ್ಟೇ ತೆಗೆದುಕೊಳ್ಳಬೇಕು, ಗಂಟು ಹಾಕಬಾರದು. ಆರಂಭದ ತುದಿಯನ್ನು ಹಿಂದೆ ಹಿಡಿದುಕೊಂಡು ಅದರ ಮೇಲೆಯೇ ಮೊದಲ ಹೊಲಿಗೆಗಳನ್ನು ಹಾಕುತ್ತ ಹೋಗಬೇಕು, ಮುಗಿದ ತುದಿಯನ್ನು ಹಿಂದಿನ ಹೊಲಿಗೆಗಳಡಿ ತೂರಿಸಬೇಕು.

ಅಂಗಡಿಯಲ್ಲಿ ಕೊಂಡ ಅಲಂಕಾರಕ್ಕೂ ಮನೆಯಲ್ಲಿ ಅಸಡ್ಡೆಯಿಂದ ಮಾಡಿದ್ದಕ್ಕೂ ಇರುವ ಅಂತರ ಮೊದಲು ಕಾಣಿಸುವುದು ಅಂಚಿನಲ್ಲಿ. ಹೊರಗಿನ ಕಡ್ಡಿಯನ್ನು ದಾರದಿಂದ ಸುತ್ತುವ ಅಂಚು ಹೊಲಿಗೆಯಲ್ಲಿ ನೇರ ಬದಿಗೆ ಕಣ್ಣಿಗೊಂದು ಸುತ್ತು, ಪ್ಲಾಸ್ಟಿಕ್ ಇಣುಕುವ ಕಡೆ ಎರಡು, ಹೊರಮೂಲೆಗೆ ಮೂರು ಎಂಬುದು ರೂಢಿಯ ಲೆಕ್ಕ. ನಕ್ಷತ್ರ ಮತ್ತು ಮರದ ಆಕಾರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಅಲ್ಲಿ ಹೊರಮೂಲೆಗಳು ಹೆಚ್ಚು, ದಾರವೂ ಹೆಚ್ಚು ಹಿಡಿಯುತ್ತದೆ. ಕೊಳ್ಳುವಾಗಲೇ ಅಂಚಿನ ಬಣ್ಣಕ್ಕೆ ಉದಾರವಾಗಿ ಅವಕಾಶವಿಡಬೇಕು. ಇದಕ್ಕಿಂತ ಸೊಗಸಾದ ಇನ್ನೊಂದು ಅಂಚಿದೆ. ಮೂರು ಕಣ್ಣು ಮುಂದೆ, ಎರಡು ಕಣ್ಣು ಹಿಂದೆ ಎಂಬ ಕ್ರಮದಲ್ಲಿ ಸುತ್ತುತ್ತ ಹೋದರೆ ಜಡೆ ಹೆಣೆದಂತೆ ದಾರಗಳು ಒಂದನ್ನೊಂದು ದಾಟಿ ಕಡ್ಡಿಯನ್ನು ಸಂಪೂರ್ಣ ಮುಚ್ಚುತ್ತವೆ. ಸಮಯ ಇಮ್ಮಡಿ ಬೇಕಾದರೂ ಒಮ್ಮೆ ಇದನ್ನು ಕಲಿತವರು ಸಾಮಾನ್ಯ ಅಂಚಿಗೆ ಮರಳುವುದು ಅಪರೂಪ. ಹಳೆಯ ಮಾರಾಟಗಳಲ್ಲಿ ನಾನು ಕೈಗೆತ್ತಿಕೊಂಡ ಒಳ್ಳೆಯ ಅಲಂಕಾರಗಳಲ್ಲೆಲ್ಲ ಅಂಚು ಹೀಗೆಯೇ ದಟ್ಟವಾಗಿತ್ತು.

ಜರಿದಾರದ ಆಯ್ಕೆಯಲ್ಲಿ ಬಹಳ ಎಚ್ಚರ ಬೇಕು. ಹತ್ತಿ ಅಥವಾ ನೈಲಾನ್ ಎಳೆಯ ಸುತ್ತ ಮಿನುಗುವ ಪಟ್ಟಿಯನ್ನು ಬರೀ ಸುತ್ತಿರುವ ಅಗ್ಗದ ದಾರಗಳು ಹಾಳೆಯ ಕಣ್ಣಿಗೆ ಉಜ್ಜಿ, ಹತ್ತು ಹನ್ನೆರಡು ಹೊಲಿಗೆಗಳಲ್ಲೇ ಪಟ್ಟಿ ಬಿಚ್ಚಿಕೊಂಡು ಒಳಗಿನ ಬಿಳಿ ಎಳೆ ಹೊರಗೆ ಬರುತ್ತದೆ. ಹೆಣೆದು ಮಾಡಿದ ಜರಿದಾರಕ್ಕೆ ಬೆಲೆ ಹೆಚ್ಚು, ಆದರೆ ಅದು ಕೊನೆಯವರೆಗೂ ಉಳಿಯುತ್ತದೆ. ರೇನ್‌ಬೋ ಗ್ಯಾಲರಿ ಎಂಬ ತಯಾರಕರು 7 ಕಣ್ಣಿನ ಹಾಳೆಗೆಂದೇ ಅಳತೆ ಮಾಡಿ ಹೆಣೆದ ಜರಿದಾರವನ್ನು ಮಾರುತ್ತಾರೆ. ಅದು ಕಣ್ಣನ್ನು ಸರಿಯಾಗಿ ತುಂಬುತ್ತದೆ. ಯಾವುದೇ ಜರಿದಾರವಾದರೂ ಗಿಡ್ಡ ಗಿಡ್ಡವಾಗಿ ಕತ್ತರಿಸಿಕೊಂಡು, ತುದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ ಒಣಗಿಸಿ ಬಳಸಿದರೆ ಬಿಚ್ಚಿಕೊಳ್ಳುವುದು ತಪ್ಪುತ್ತದೆ. ಬಿಳಿ ಉಲ್ಲನ್ ಮತ್ತು ಬಂಗಾರದ ಜರಿ ಎರಡನ್ನೇ ಬಳಸುವ ಒಂದು ಪರಂಪರೆಯೂ ಇಲ್ಲಿ ಇದೆ. 1957ರಲ್ಲಿ ವರ್ಜೀನಿಯಾ ರಾಜ್ಯದ ಡ್ಯಾನ್‌ವಿಲ್ ಊರಿನ ಅಸೆನ್ಶನ್ ಲುಥೆರನ್ ಚರ್ಚಿನಲ್ಲಿ ಫ್ರಾನ್ಸಿಸ್ ಕಿಪ್ಸ್ ಸ್ಪೆನ್ಸರ್ ಎಂಬ ಮಹಿಳೆ ಚರ್ಚಿನ ಮರಕ್ಕೆ ಮೀನು, ಶಿಲುಬೆ, ಕಿರೀಟ, ನಕ್ಷತ್ರ ಮೊದಲಾದ ಆದಿ ಕ್ರೈಸ್ತರ ಸಂಕೇತಗಳನ್ನು ಬಿಳಿ ಮತ್ತು ಬಂಗಾರದ ಬಣ್ಣಗಳಲ್ಲಿ ಮಾಡಿ ತೂಗುಹಾಕಿದರು. ಕ್ರಿಸ್ಮನ್ ಎಂದು ಕರೆಯುವ ಈ ಸಂಕೇತಗಳು ಅಲ್ಲಿಂದ ಅನೇಕ ಚರ್ಚುಗಳಿಗೆ ಹಬ್ಬಿದವು. ಮಣಿಗಳಿಂದ ಮಾಡುವ ಕ್ರಿಸ್ಮನ್‌ಗಳಿಗೆ ತಾಳ್ಮೆಯ ಜೊತೆಗೆ ಹಣವೂ ಬೇಕು. ಪ್ಲಾಸ್ಟಿಕ್ ಕ್ಯಾನ್ವಾಸಿನಲ್ಲಿ ಅದೇ ಮೀನು, ಅದೇ ಕಿರೀಟ ಅಲ್ಪ ಖರ್ಚಿನಲ್ಲಿ ಮೂಡುತ್ತವೆ, ಮತ್ತು ಸರಳ ರೇಖೆಗಳ ಈ ಸಂಕೇತಗಳಷ್ಟು 7 ಕಣ್ಣಿನ ಹಾಳೆಗೆ ಒಪ್ಪುವ ವಿನ್ಯಾಸ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಕಿಟ್‌ಗಳ ವಿಷಯ. ಹಾಳೆ, ಅಳೆದ ದಾರ, ಸೂಜಿ, ನಕ್ಷೆ, ಕೆಲವೊಮ್ಮೆ ಹಿಂಬದಿಗೆ ಹಚ್ಚುವ ಫೆಲ್ಟ್ ಬಟ್ಟೆ, ಇಷ್ಟನ್ನೂ ಒಂದೇ ಪೊಟ್ಟಣದಲ್ಲಿ ಕೊಡುವುದು ಆಕರ್ಷಕವೇ. ನಾನು ಅಂತರ್ಜಾಲದಲ್ಲಿ ತರಿಸಿದ ಒಂದು ಕಿಟ್ಟಿನಲ್ಲಿ ಹಸಿರು ದಾರ ಅಂಚಿನ ಕೆಲಸಕ್ಕೆ ಬರುವ ಮೊದಲೇ ಮುಗಿದುಹೋಯಿತು. ಅದೇ ಛಾಯೆಯ ದಾರ ಬಿಡಿಯಾಗಿ ಎಲ್ಲಿಯೂ ಸಿಗಲಿಲ್ಲ, ಮಾರಿದವರಿಗೆ ಬರೆದ ಪತ್ರಕ್ಕೆ ಉತ್ತರವೂ ಬರಲಿಲ್ಲ. ನಕ್ಷೆಯನ್ನು ಬಣ್ಣಗಳಲ್ಲಿ ಅಚ್ಚು ಹಾಕಿದ್ದರೂ ಎರಡು ಹಸಿರುಗಳ ನಡುವೆ, ಕೆಂಪು ಮತ್ತು ಮರೂನಿನ ನಡುವೆ ವ್ಯತ್ಯಾಸ ಗುರುತಿಸುವುದು ಹಗಲಿನ ಬೆಳಕಿನಲ್ಲೂ ಕಷ್ಟವಾಗಿತ್ತು. ಎಲ್ಲ ಕಿಟ್‌ಗಳೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ನೋಡಿ ಆರಿಸಿ ಕೊಂಡವುಗಳಲ್ಲಿ ದಾರ ಉಳಿದದ್ದೂ ಇದೆ. ಹಾಗಾಗಿ ಕಿಟ್ ಕೊಳ್ಳಲೇಬೇಕೆಂದರೆ ಮೂರು ವಿಷಯಗಳನ್ನು ವಿವರಣೆಯಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು: ಹಾಳೆಯ ಕಣ್ಣಿನ ಲೆಕ್ಕವನ್ನು ನಮೂದಿಸಿದ್ದಾರೆಯೇ, ನಕ್ಷೆಯಲ್ಲಿ ಬಣ್ಣದ ಜೊತೆಗೆ ಗುರುತುಚಿಹ್ನೆಗಳೂ ಇವೆಯೇ, ಆಕಾರಗಳನ್ನು ಮೊದಲೇ ಕತ್ತರಿಸಿ ಕೊಟ್ಟಿದ್ದಾರೆಯೇ. ಮೂರಕ್ಕೂ ಹೌದೆಂಬ ಉತ್ತರ ಸಿಗದಿದ್ದರೆ ಆ ಹಣದಲ್ಲಿ ಬಿಡಿ ಹಾಳೆಗಳನ್ನೂ ಒಂದೆರಡು ಉಂಡೆ ಉಲ್ಲನ್ನನ್ನೂ ಕೊಳ್ಳುವುದು ಜಾಣತನ.

ನಕ್ಷೆ ಓದುವಾಗ ಒಂದು ಅಂಶವನ್ನು ಗಮನಿಸಬೇಕು. ಈ ಕಲೆಯ ರೂಢಿಯ ನಕ್ಷೆಗಳಲ್ಲಿ ಗೆರೆಗಳು ಹಾಳೆಯ ಕಡ್ಡಿಗಳನ್ನು ಸೂಚಿಸುತ್ತವೆ, ಗೆರೆಗಳ ನಡುವಿನ ಖಾಲಿ ಚೌಕ ಕಣ್ಣನ್ನು ಸೂಚಿಸುತ್ತದೆ. ಕ್ರಾಸ್ ಸ್ಟಿಚ್ಚಿನ ನಕ್ಷೆಯಲ್ಲಿ ಹಾಗಲ್ಲ, ಅಲ್ಲಿ ಚೌಕವೇ ಒಂದು ಹೊಲಿಗೆ. ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಮಾಡಿ ರೂಢಿಯಿರುವ ನಮ್ಮವರಿಗೆ ಆರಂಭದಲ್ಲಿ ಇದು ಗೊಂದಲ ತರಬಹುದು, ಆದರೆ ಒಂದು ಸಣ್ಣ ತುಂಡನ್ನು ಹೊಲಿದು ನೋಡಿದರೆ ಸ್ಪಷ್ಟವಾಗುತ್ತದೆ.

ವೃತ್ತ, ನಕ್ಷತ್ರ, ಹೃದಯ, ಷಟ್ಕೋನದ ಆಕಾರಗಳಲ್ಲಿಯೇ ಎರಕ ಹೊಯ್ದ ಸಿದ್ಧ ಕ್ಯಾನ್ವಾಸುಗಳೂ ಸಿಗುತ್ತವೆ. ವೃತ್ತ ಮತ್ತು ಷಟ್ಕೋನಗಳಿಗೆ ಇವು ನಿಜಕ್ಕೂ ಅಮೂಲ್ಯ, ಏಕೆಂದರೆ ಚೌಕ ಕಣ್ಣಿನ ಹಾಳೆಯಿಂದ ದುಂಡನೆಯ ಅಂಚನ್ನು ಕತ್ತರಿಸುವುದು ಸಾಧ್ಯವೇ ಇಲ್ಲ. 3 ಇಂಚಿನ ವೃತ್ತದ ಮೇಲೆ ನಡುವಿನಿಂದ ಹೊರಕ್ಕೆ ಉದ್ದ ಹೊಲಿಗೆಗಳನ್ನು ಹಾಕಿದರೆ ಹೂಮಾಲೆಯ ಚಕ್ರ ಬೇಗನೆ ಮುಗಿಯುತ್ತದೆ. ಹಿಂಬದಿಗೆ ಫೆಲ್ಟ್ ಹಚ್ಚುವವರು ಬಿಸಿ ಅಂಟಿನ ಗನ್ ಬಳಸುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ಅಟ್ಟದಲ್ಲಿ ಬೇಸಿಗೆಯ ಕಾವಿಗೆ ಅಂಟು ಮೆತ್ತಗಾಗಿ, ಚಳಿಗಾಲದಲ್ಲಿ ಸೆಡೆತು ಬಿಟ್ಟುಹೋಗುತ್ತದೆ. ಎರಡನೆಯ ಹೊಲಿದ ತುಂಡನ್ನೇ ಹಿಂದಿಟ್ಟು ಅಂಚು ಹೊಲಿಗೆಯಿಂದ ಎರಡನ್ನೂ ಕೂಡಿಸುವುದು ಅತ್ಯುತ್ತಮ. ಮರದಲ್ಲಿ ತಿರುಗುವಾಗಲೂ ಆಗ ಅಲಂಕಾರಕ್ಕೆ ಹಿಂಬದಿಯೆಂಬುದೇ ಇರುವುದಿಲ್ಲ. ತೂಗುಹಾಕುವ ಕುಣಿಕೆಯ ಗಂಟನ್ನು ಎರಡು ಪದರಗಳ ನಡುವೆ ಅಡಗಿಸಬಹುದು.

ಗಾಜಿನ ಗುಂಡುಗಳು ಕೈಜಾರಿದರೆ ಚೂರಾಗುತ್ತವೆ. ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಮರದ ಕೆಳಗಿನ ಕೊಂಬೆಗಳಿಗೆ ಈ ಉಲ್ಲನ್ ಅಲಂಕಾರಗಳಷ್ಟು ನೆಮ್ಮದಿ ಕೊಡುವ ವಸ್ತು ನಾನು ಕಂಡಿಲ್ಲ. ಧೂಳು ಹಿಡಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಬೆರೆಸಿ ತೊಳೆದು, ಚಪ್ಪಟೆಯಾಗಿ ನೆರಳಿನಲ್ಲಿ ಒಣಗಿಸಬಹುದು; ಫೆಲ್ಟ್ ಹಚ್ಚಿದ್ದಾದರೆ ಮಾತ್ರ ನೀರಿಗೆ ಹಾಕದೆ ಒರೆಸಬೇಕು. ಇಸ್ತ್ರಿ ಪೆಟ್ಟಿಗೆ ತಾಗಿಸುವಂತಿಲ್ಲ, ಪ್ಲಾಸ್ಟಿಕ್ಕೂ ಅಕ್ರಿಲಿಕ್ಕೂ ಎರಡೂ ಕರಗುತ್ತವೆ. ಇದೇ ಕಾರಣಕ್ಕೆ ಮೇಣದಬತ್ತಿಯ ಹತ್ತಿರ, ಹಳೆಯ ಕಾಲದ ಬಿಸಿಯಾಗುವ ಬಲ್ಬುಗಳಿಗೆ ತಾಗುವಂತೆ ಇವನ್ನು ಎಂದಿಗೂ ಕಟ್ಟಬಾರದು. ಎಲ್‌ಇಡಿ ದೀಪಗಳ ನಡುವೆ ಆತಂಕವಿಲ್ಲ. ಪ್ಲಾಸ್ಟಿಕ್ ಬಳಸುವುದರ ಬಗ್ಗೆ ಸಂಕೋಚ ಪಡುವವರ ಮಾತನ್ನು ನಾನು ಗೌರವಿಸುತ್ತೇನೆ. ಇದು ಮಣ್ಣಿನಲ್ಲಿ ಕರಗುವ ವಸ್ತುವಲ್ಲ. ಆದ್ದರಿಂದಲೇ ಒಂದು ಹಬ್ಬಕ್ಕೆ ಮಾಡಿ ಎಸೆಯುವ ಉದ್ದೇಶದಿಂದ ಇದನ್ನು ಕೊಳ್ಳಬಾರದು, ಕತ್ತರಿಸಿ ಉಳಿದ ಚೂರುಗಳನ್ನು ಉಡುಗೊರೆಯ ಹೆಸರಿನ ಚೀಟಿ, ಕೀ ಗೊಂಚಲಿನ ಬಿಲ್ಲೆ ಇಂಥ ಸಣ್ಣ ಕೆಲಸಗಳಿಗೆ ಎತ್ತಿಡಬೇಕು.

ಇವು ಸಿಗುವ ಜಾಗ ಅಮೆರಿಕದಲ್ಲೂ ಕಿರಿದಾಗುತ್ತಿದೆ. 1943ರಲ್ಲಿ ನಮ್ಮ ಓಹಾಯೊದ ಕ್ಲೀವ್‌ಲ್ಯಾಂಡಿನಲ್ಲಿ ಆರಂಭವಾದ, ಬಟ್ಟೆ ಮತ್ತು ಕರಕುಶಲ ಸಾಮಗ್ರಿಗಳನ್ನು ಮಾರುತ್ತಿದ್ದ ಜೋಆನ್ ಅಂಗಡಿಗಳ ಸರಣಿ 2025ರಲ್ಲಿ ಎಲ್ಲ ಮಳಿಗೆಗಳನ್ನೂ ಮುಚ್ಚಿದ ಮೇಲೆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಮೈಕೆಲ್ಸ್ ಮತ್ತು ಹಾಬಿ ಲಾಬಿ ಅಂಗಡಿಗಳೇ ಮುಖ್ಯವಾಗಿ ಉಳಿದಿವೆ. ಕರ್ನಾಟಕದಲ್ಲಿ ಉಲ್ಲನ್ ತೋರಣ ಮತ್ತು ಮ್ಯಾಟ್ ಮಾಡುವವರಿಗಾಗಿ ಮಾರುವ ಪ್ಲಾಸ್ಟಿಕ್ ಜಾಲರಿ ಇದೇ ಜಾತಿಯದು. ಅದನ್ನು ಕೊಳ್ಳಲು ಹೋಗುವವರು ಒಂದು ಅಳತೆಪಟ್ಟಿಯನ್ನು ಜೊತೆಗೊಯ್ದು ಇಂಚಿಗೆ ಎಷ್ಟು ಕಣ್ಣುಗಳಿವೆ ಎಂದು ಎಣಿಸಿ ನೋಡಿದರೆ ಸಾಕು. 7 ಬಂದರೆ ಈವರೆಗೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ನಮ್ಮಲ್ಲಿ ಹೆಣಿಗೆಗೆಂದು ಸಿಗುವ ಅಕ್ರಿಲಿಕ್ ಉಲ್ಲನ್ ಇಲ್ಲಿಯದಕ್ಕಿಂತ ತೆಳುವಾಗಿದ್ದರೆ ಎರಡು ಎಳೆಗಳನ್ನು ಕೂಡಿಸಿ ಸೂಜಿಗೆ ಪೋಣಿಸಬೇಕು. ಎರಡೂ ಎಳೆಗಳು ಹೊರಳದೆ ಪಕ್ಕಪಕ್ಕದಲ್ಲಿ ಕೂರುವಂತೆ ಹೊಲಿದರೆ ಕಣ್ಣು ಚೆನ್ನಾಗಿ ತುಂಬುತ್ತದೆ, ಎರಡು ಛಾಯೆಗಳ ಎಳೆಗಳನ್ನು ಬೆರೆಸಿ ಕ್ರಿಸ್‌ಮಸ್ ಮರದ ಹಸಿರಿಗೆ ಆಳ ತರುವ ಅನುಕೂಲವೂ ಇದರಿಂದ ಒದಗುತ್ತದೆ. ಅಮೆರಿಕದಿಂದ ಬರುವ ಮನೆಯವರ ಕೈಯಲ್ಲಿ ಏನಾದರೂ ತರಿಸುವುದಿದ್ದರೆ ಉಲ್ಲನ್ ಬೇಡ, ಅದರ ಗಾತ್ರ ಪೆಟ್ಟಿಗೆಯನ್ನೇ ತುಂಬುತ್ತದೆ. ಪಾರದರ್ಶಕ ಗಟ್ಟಿ ಹಾಳೆಗಳ ಒಂದು ಕಟ್ಟು, ಹೆಣೆದ ಜರಿದಾರದ ಒಂದೆರಡು ಸುರುಳಿ ಮತ್ತು 16ನೆಯ ಸಂಖ್ಯೆಯ ಸೂಜಿಗಳನ್ನು ಬರೆದುಕೊಡಿ. ಹಾಳೆಗಳನ್ನು ಸುರುಳಿ ಸುತ್ತದೆ, ಸೂಟ್‌ಕೇಸಿನ ತಳದಲ್ಲಿ ಬಟ್ಟೆಗಳ ಅಡಿಗೆ ಚಪ್ಪಟೆಯಾಗಿ ಇಟ್ಟು ತರುವಂತೆ ಹೇಳುವುದನ್ನು ಮರೆಯಬೇಡಿ.